ಪೈನ್ ಸಸಿಯೂ ಒಂದು ಹಿಡಿ ಮಣ್ಣೂ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ನೀಲಗಿರಿಯ ದಾರಿಗಳಲ್ಲಿ ಬಿದ್ದಿರುವ ಪೈನ್ ಕಾಯಿಯನ್ನು ಒದ್ದು ಆಡದ ಬಾಲಕನಿಲ್ಲ. ಅದರ ಬೀಜದಿಂದ ಸಸಿಯನ್ನೆಬ್ಬಿಸಲು ಹೊರಟು ನಾನು ಎರಡು ಸಲ ಸೋತೆನು. ಆ ಸೋಲಿನ ಕಥೆಯನ್ನೇ ಇಂದು ಹೇಳಬಂದಿದ್ದೇನೆ.

ಇಲ್ಲಿ ನೆಟ್ಟಿರುವ ಜೋಲುವ ಸೂಜಿಯೆಲೆಯ ಪೈನ್ ಮೆಕ್ಸಿಕೋ ದೇಶದ್ದು. ಶಾಸ್ತ್ರಜ್ಞರು ಅದನ್ನು ಪೈನಸ್ ಪಟುಲಾ ಎನ್ನುವರು. ಅದರ ಕಾಯಿ ಬಲಿತ ಮೇಲೂ ಬಾಯಿ ಬಿಡದೆ ವರ್ಷಗಟ್ಟಲೆ ಕೊಂಬೆಗೇ ಕಚ್ಚಿಕೊಂಡಿರುವುದುಂಟು. ಕಾಡ್ಗಿಚ್ಚಿನ ಬಿಸಿಗೆ ಅಂಟು ಕರಗಿ ಅದು ತೆರೆಯುತ್ತದೆ. ನಾವೇನೂ ಕಾಡು ಸುಡಬೇಕಾಗಿಲ್ಲ! ಬಲಿತ ಕಂದು ಕಾಯಿಗಳನ್ನು ಒಳ್ಳೆಯ ಬಿಸಿಲಿಗೆ ಹರಡಿದರೆ, ಮಂಜಿನ ದಿನಗಳಲ್ಲಿ ಒಲೆಯ ಬಳಿ ಇಟ್ಟರೆ, ಚಕ್ಕೆಗಳು ಬಿರಿದು ರೆಕ್ಕೆಯುಳ್ಳ ಪುಟ್ಟ ಬೀಜಗಳು ಉದುರುತ್ತವೆ. ನೆಲದ ಮೇಲೆ ಬಾಯ್ದೆರೆದು ಬಿದ್ದ ಕಾಯಿ ಬಹುಮಟ್ಟಿಗೆ ಬರಿದು.

ಮೊದಲ ವರ್ಷ ಕೊತ್ತಂಬರಿ ಮಡಿಗೆ ಎರೆಯುವಂತೆ ಹೊತ್ತುಹೊತ್ತಿಗೆ ನೀರೆರೆದೆನು. ಬೀಜದ ಸಿಪ್ಪೆಯನ್ನು ಟೊಪ್ಪಿಗೆಯಂತೆ ಹೊತ್ತು ಮೊಳಕೆಗಳು ಎದ್ದುಬಂದವು. ಎಷ್ಟು ಸಂತೋಷಪಟ್ಟೆನೋ! ಕೆಲವೇ ದಿನಗಳಲ್ಲಿ ಬುಡ ಕಪ್ಪಾಗಿ ಒಂದೊಂದೇ ಒರಗಿದವು. ತೇವ ಹೆಚ್ಚಾದಲ್ಲಿ ಬೂಷ್ಟು ಹತ್ತಿ ಎಳೆಯ ಕಾಂಡ ಕೊಳೆಯುವುದೆಂದು ಆಮೇಲೆ ತಿಳಿಯಿತು.

ಮರುವರ್ಷ ಮಣ್ಣಿಗೆ ಮರಳು ಬೆರೆಸಿ, ಬೀಜ ಮರೆಯಾಗುವಷ್ಟೇ ಮಣ್ಣು ಮುಚ್ಚಿ, ಹದವರಿತು ನೀರು ಕೊಟ್ಟೆನು. ಸಸಿಗಳು ಸಾಯಲಿಲ್ಲ, ಆದರೆ ಗೇಣೆತ್ತರವೂ ಆಗದೆ ಹಳದಿಗಟ್ಟಿ ನಿಂತುಬಿಟ್ಟವು. ಅದನ್ನು ಕಂಡ ಮುದುಕ ತೋಟಗಾರರೊಬ್ಬರು, “ಸ್ವಾಮಿ, ದೊಡ್ಡ ಮರದ ಬುಡದ ಮಣ್ಣು ಹಾಕಿದಿರೇನು?” ಎಂದು ಕೇಳಿದರು.

ಪೈನ್ ಒಂಟಿಯಾಗಿ ಬಾಳದು. ಅಣಬೆಯ ಜಾತಿಯ ಜೀವಿಯೊಂದು ಅದರ ಎಳೆಬೇರುಗಳನ್ನು ನೂಲಿನಂತೆ ಸುತ್ತಿಕೊಂಡು, ನೀರನ್ನೂ ರಂಜಕವನ್ನೂ ಒದಗಿಸಿ, ಪ್ರತಿಯಾಗಿ ಸಕ್ಕರೆಯನ್ನು ಪಡೆಯುತ್ತದೆ. ಒಂದು ಬೂಷ್ಟು ಕೊಂದರೆ ಅದರ ನಂಟನೇ ಸಾಕುವುದು! ಪೋರ್ಟೊರಿಕೋ ದ್ವೀಪದಲ್ಲಿ ಪೈನ್ ಬೆಳೆಸುವ ಯತ್ನಗಳು ಮತ್ತೆಮತ್ತೆ ಕೆಟ್ಟು, 1950ರ ದಶಕದಲ್ಲಿ ಹೊರಗಿನ ಪೈನ್ ಕಾಡಿನ ಮಣ್ಣನ್ನು ತಂದು ಹಾಕಿದ ಮೇಲೆ ಕೈಗೂಡಿದವು. ನಾನೂ ಹಿಡಿಹಿಡಿ ಮಣ್ಣು ತಂದು ಬೆರೆಸಿದೆನು. ಕೆಲವು ತಿಂಗಳಲ್ಲಿ ಸೂಜಿಗಳು ಹಸುರಾದವು.

ಒಂದು ಮಾತನ್ನು ಬಿಗಿಯಾಗಿಯೇ ಹೇಳುವೆನು. ಗಿಡ ಕುಂಡದಲ್ಲಿರಲಿ, ಬೇಲಿಯೊಳಗಿರಲಿ. ಹುಲ್ಲುಗುಡ್ಡಗಳ ಮೇಲೆ ಮಾತ್ರ ನೆಡಬೇಡಿರಿ. ಇದರ ಬೀಜ ಗಾಳಿಯಲ್ಲಿ ಹಾರಿ, ಕಾಡುಮೇಕೆ ಮೇಯುವ ಹುಲ್ಲುಗಾವಲನ್ನು ಈಗಾಗಲೇ ಆಕ್ರಮಿಸುತ್ತಿದೆ.

ಸಭೆ ಮುಗಿದ ಮೇಲೆ ಬೀಜ ಬೇಕಾದವರು ಮೇಜಿನ ಬಳಿ ಬನ್ನಿರಿ. ಮಣ್ಣನ್ನೂ ಪೊಟ್ಟಣ ಕಟ್ಟಿ ತಂದಿದ್ದೇನೆ.