ಬೆಳೆಗಾರನಿಗೂ ಬಿಡುವು ಬೇಕು
(ತಾಳವಾಡಿ ಭಾಗದ ಸದಸ್ಯ ಬೆಳೆಗಾರರ ಸಭೆಯಲ್ಲಿ ನಮ್ಮ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ತಳಿ, ಗೊಬ್ಬರ, ಕೂಳೆ ಬೆಳೆಯ ಆರೈಕೆ ಇವುಗಳನ್ನು ಕುರಿತು ಮಾತನಾಡುವುದು ನನ್ನ ವಾಡಿಕೆ. ಇಂದು ಬೆಳೆಯನ್ನು ಬಿಟ್ಟು ಬೆಳೆಗಾರನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ತಮಿಳುನಾಡಿನ ಸರ್ಕಾರಿ ನೌಕರನಿಗೆ 60 ವರ್ಷಕ್ಕೆ ನಿವೃತ್ತಿಯುಂಟು. ರೈತನಿಗೆ ಅಂತಹ ಆದೇಶ ಯಾರೂ ಕೊಡುವುದಿಲ್ಲ. ಮಂಡಿ, ಸೊಂಟ, ಕಣ್ಣು ಇವೇ ಒಂದೊಂದಾಗಿ ರಜೆ ಕೇಳತೊಡಗುತ್ತವೆ.

ನಮ್ಮ ಬೆಟ್ಟದ ಮೇಲೆ ಈ ರಜೆಯ ಕಾಲ ಬೇಗ ಬರುತ್ತದೆ. ಹಗಲು ಗದ್ದೆಯ ಕೆಲಸ, ರಾತ್ರಿ ಅಟ್ಟಣೆಯ ಮೇಲೆ ಆನೆ, ಹಂದಿಗಳ ಕಾವಲು. ಜನ ಕರುಪ್ಪನ್ ಎಂದು ಕರೆಯುತ್ತಿದ್ದ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆಯವರು ಹಿಡಿದು ಬೇರೆಡೆಗೆ ಸಾಗಿಸುವವರೆಗೆ ಜೀರಹಳ್ಳಿ ಸುತ್ತಿನವರು ಹೇಗೆ ನಿದ್ದೆಗೆಟ್ಟರೆಂಬುದನ್ನು ನಾನು ತಮಗೆ ಹೇಳಬೇಕಾಗಿಲ್ಲ. ಕತ್ತಲಲ್ಲಿ ಆನೆಯ ಮುಂದೆ ಓಡಬೇಕಾದಾಗ ಐವತ್ತೈದರ ಮಂಡಿ ಮಾತು ಕೇಳುವುದಿಲ್ಲ. ಆದ್ದರಿಂದ 50 ದಾಟಿದವರು ಎಲ್ಲಕ್ಕಿಂತ ಮೊದಲು ರಾತ್ರಿ ಕಾವಲಿನಿಂದ ನಿವೃತ್ತರಾಗಬೇಕು. ಮಗನನ್ನು ಆ ಅಟ್ಟಣೆಗೆ ಹತ್ತಿಸಿದರೆ ಸಾಲದು. ಕಾಡಂಚಿನ ತಾಕಿನಲ್ಲಿ ಕಬ್ಬು ಹಾಕುವುದನ್ನೇ ಬಿಟ್ಟು, ಆನೆ ಅಷ್ಟಾಗಿ ಮುಟ್ಟದ ಅರಿಸಿನ, ಮೆಣಸಿನಕಾಯಿಯಂತಹವನ್ನು ಹಾಕಿರಿ. ಕಬ್ಬಿನ ಅಧಿಕಾರಿಯೇ ಕಬ್ಬು ಬೇಡವೆನ್ನುತ್ತಾನಲ್ಲ ಎಂದು ತಾವು ನಗಬಹುದು. ಆನೆ ತಿಂದ ಕಬ್ಬು ಕಾರ್ಖಾನೆಗೂ ಬರುವುದಿಲ್ಲ.

ಇನ್ನು ಯಜಮಾನಿಕೆಯ ಮಾತು. ಕೆಲವು ಮನೆಗಳಲ್ಲಿ ಮಗನಿಗೆ ಮೂವತ್ತಾದರೂ ಬೀಗದ ಕೈ ತಂದೆಯ ಸೊಂಟದಲ್ಲೇ ಇರುತ್ತದೆ. ಕಟಾವು ಪರ್ಮಿಟ್ ತಂದೆಯ ಹೆಸರಿಗೆ, ಬಟವಾಡೆ ತಂದೆಯ ಖಾತೆಗೆ. ಮಗ ಸ್ವಂತ ಹೊಲದಲ್ಲೇ ಕೂಲಿಯವನಂತೆ ದುಡಿದು, ಒಂದು ದಿನ ತಿರುಪ್ಪೂರಿನ ಬಸ್ಸು ಹತ್ತುತ್ತಾನೆ. ಇನ್ನು ಕೆಲವರು ಬೇಸತ್ತು ಎಲ್ಲವನ್ನೂ ಒಂದೇ ದಿನ ಬರೆದುಕೊಟ್ಟು, ಆಮೇಲೆ ಎಲೆ ಅಡಿಕೆಯ ಕಾಸಿಗೂ ಸೊಸೆಯ ಮುಖ ನೋಡುತ್ತಾರೆ. ಈ ಎರಡೂ ಬೇಡ.

ನಡುವಿನ ದಾರಿಯನ್ನು ಕಬ್ಬೇ ತೋರಿಸುತ್ತದೆ. ಒಂದು ತನಿ ಬೆಳೆ, ಎರಡು ಕೂಳೆ ಎಂದು ಲೆಕ್ಕ ಹಿಡಿದರೆ ಮೂರು ವರ್ಷಕ್ಕೊಮ್ಮೆ ಪ್ರತಿಯೊಂದು ತಾಕೂ ಹೊಸ ನಾಟಿಗೆ ಬರುತ್ತದೆ. ಮೂರು ತಾಕುಗಳಿದ್ದು ಅವುಗಳ ಸರದಿ ಬೇರೆ ಬೇರೆಯಾಗಿದ್ದರೆ, ವರ್ಷಕ್ಕೊಂದರಂತೆ ಕೊನೆಯ ಕೂಳೆ ಕಡಿದ ತಾಕನ್ನು ಮಗನಿಗೋ ಮಗಳಿಗೋ ವಹಿಸಿರಿ. ತಳಿಯ ಆಯ್ಕೆ, ಸಾಲ, ನೋಂದಣಿ, ಬಟವಾಡೆ ಎಲ್ಲವೂ ಅವರದೇ. ತಪ್ಪಿದರೆ ಒಂದು ತಾಕು ತಪ್ಪೀತು, ಮನೆ ಮುಳುಗದು. ಮೂರು ವರ್ಷಕ್ಕೆ ತಾವೂ ಬಿಡುವಾಗುತ್ತೀರಿ. ಕಟಾವು ಮತ್ತು ಲಾರಿಯ ಓಡಾಟವನ್ನಂತೂ ಮೊದಲ ವರ್ಷವೇ ಎಳೆಯರಿಗೆ ಬಿಡಿ. 2022ರ ಫೆಬ್ರವರಿಯಿಂದ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ, ಹೊತ್ತು ಮುಳುಗುವುದರೊಳಗೆ 27 ತಿರುವು ಇಳಿಸಬೇಕೆಂಬ ಧಾವಂತ ವಯಸ್ಸಾದವರಿಗೆ ಹೇಳಿದ್ದಲ್ಲ.

ಆದರೆ ವಹಿಸುವುದು ಬೇರೆ, ಪಟ್ಟಾ ಬದಲಿಸುವುದು ಬೇರೆ. ನೋಡಿಕೊಳ್ಳಬೇಕೆಂಬ ಶರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ರದ್ದುಪಡಿಸಿಕೊಳ್ಳಲು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನಾ ಕಾಯ್ದೆಯಲ್ಲಿ ಅವಕಾಶವಿದೆ. ಆ ಕಾಯ್ದೆಯ ಹಿರಿಯ ನಾಗರಿಕನೆಂದರೆ 60 ತುಂಬಿದವನು. ಐವತ್ತರಲ್ಲಿ ಬರೆದುಕೊಡುವ ಅವಸರ ಬೇಡ. ಎಂದು ಬರೆದರೂ ಆ ಶರತ್ತನ್ನು ಬಾಯಿಮಾತಿಗೆ ಬಿಡದೆ ಪತ್ರದಲ್ಲಿ ಸೇರಿಸಿರಿ.

ಬಿಡುವೆಂದರೆ ಜಗಲಿಯ ಮೇಲೆ ಕುಳಿತು ಮಗನ ಕೆಲಸಕ್ಕೆ ಹೆಸರಿಡುವುದೂ ಅಲ್ಲ. ಅರ್ಧ ದಿನದ ಕೆಲಸವೊಂದು ಕೈಯಲ್ಲಿರಬೇಕು. ಒಂಟಿ ಕಣ್ಣಿನ ಸಸಿ ಬೆಳೆಸುವುದು ಇದಕ್ಕೆ ಹೇಳಿ ಮಾಡಿಸಿದ್ದು. ಆರರಿಂದ ಎಂಟು ತಿಂಗಳ ರೋಗವಿಲ್ಲದ ಕಬ್ಬಿನಿಂದ ಕಣ್ಣು ತೆಗೆದು, ಔಷಧಿಯಲ್ಲಿ ಅದ್ದಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿಟ್ಟು, ನೆರಳು ಬಲೆಯ ಕೆಳಗೆ ನೋಡಿಕೊಳ್ಳಬೇಕು. ಬಯಲುಸೀಮೆಯಲ್ಲಿ ತಿಂಗಳಿಗೆ ಸಸಿ ಸಿದ್ಧ. ನಮ್ಮ ಚಳಿಗೆ ಇನ್ನಷ್ಟು ದಿನ ಹಿಡಿಯುತ್ತದೆ. ಐದು ಅಡಿ ಸಾಲಿನಲ್ಲಿ ಎರಡಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 4,350 ಸಸಿ ಸಾಕು. ತುಂಡು ನೆಡುವವರಿಗೆ ಎಕರೆಗೆ 3 ಟನ್ನಿನಷ್ಟು ಬಿತ್ತನೆ ಕಬ್ಬು ಬೇಕಾಗುವುದನ್ನು ನೆನೆದರೆ ಸಸಿಗೆ ಗಿರಾಕಿ ಏಕೆ ಬರುತ್ತಾನೆಂಬುದು ತಿಳಿಯುತ್ತದೆ. ಇದರಲ್ಲಿ ಬೇಕಾದದ್ದು ತೋಳಿನ ಬಲವಲ್ಲ, ಯಾವ ಕಣ್ಣು ಮೊಳೆತೀತೆಂದು ಗುರುತಿಸುವ ಅನುಭವ. ಮನೆಯ ಹೆಂಗಸರು ಇದರಲ್ಲಿ ನಮಗಿಂತ ಚುರುಕೆಂಬುದನ್ನೂ ಹೇಳಿಬಿಡುತ್ತೇನೆ.

ಹಣದ ವಿಷಯ ಒಂದೇ ಮಾತು. 2019ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಯಲ್ಲಿ, 2 ಹೆಕ್ಟೇರ್‌ವರೆಗೆ ಜಮೀನುಳ್ಳವರು ವಯಸ್ಸಿಗನುಗುಣವಾಗಿ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ, ಕೇಂದ್ರ ಸರ್ಕಾರ ಅಷ್ಟೇ ಹಣ ಸೇರಿಸಿ 60ರ ನಂತರ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಸೇರಲು ವಯಸ್ಸು 18ರಿಂದ 40. ತಮ್ಮಲ್ಲಿ ಹಲವರಿಗೆ ಆ ಬಾಗಿಲು ಮುಚ್ಚಿದೆ. ತಾವು ಪ್ರತಿ ಬಟವಾಡೆಯಲ್ಲಿ ಒಂದು ಪಾಲನ್ನು ಅಂಚೆ ಕಚೇರಿಯಲ್ಲಿ ಕೂಡಿಡಿ. ತಾಕು ವಹಿಸಿಕೊಂಡ ಮಗ ಈ ಯೋಜನೆಗೆ ಅರ್ಹನಾಗಿದ್ದರೆ ಮಾತ್ರ ಅವನ ಹೆಸರನ್ನು 40 ದಾಟುವ ಮೊದಲು ಸೇರಿಸಿರಿ.