ಕಲ್ಯಾಣದ ಯಾತ್ರೆ: ನೋಟವೂ ಅರಿವೂ



ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದ ಧರ್ಮಕ್ಕೆ ಕ್ಷೇತ್ರಯಾತ್ರೆ ಏತಕ್ಕೆ? ಅಂಗದ ಮೇಲೆ ಲಿಂಗವುಳ್ಳವನು ಊರೂರು ತಿರುಗಿ ಕಲ್ಲಿನಲ್ಲಿ ಕಾಣಬೇಕಾದುದೇನು? ಬಸವಕಲ್ಯಾಣಕ್ಕೆ ಹೊರಡುವ ಭಕ್ತನು ಈ ಪ್ರಶ್ನೆಯನ್ನು ಮೊದಲು ತನ್ನ ಮನಸ್ಸಿಗೆ ಹಾಕಿಕೊಳ್ಳತಕ್ಕುದು.

ಹನ್ನೊಂದನೆಯ ಶತಮಾನದಲ್ಲಿ ಆಹವಮಲ್ಲ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದನು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಬಿಲ್ಹಣನು ಕಾವ್ಯವನ್ನೂ ವಿಜ್ಞಾನೇಶ್ವರನು ಮಿತಾಕ್ಷರೆಯನ್ನೂ ರಚಿಸಿದರು. ಆದರೂ ಆ ಊರು ಅರಸರ ಹೆಸರಿನಿಂದ ಉಳಿಯಲಿಲ್ಲ. ೧೯೫೬ರಲ್ಲಿ ಕನ್ನಡನಾಡು ಒಂದಾದ ಮೇಲೆ ಕಲ್ಯಾಣಿಯೆಂಬುದು ಬಸವಕಲ್ಯಾಣವೆನಿಸಿತು. ಅಲ್ಲಿ ಕೋಟೆಯುಂಟು, ಆದರೆ ಭಕ್ತರು ಅರಸಿಕೊಂಡು ಹೋಗುವುದು ನುಲಿಯ ಚಂದಯ್ಯನ ಗವಿಯನ್ನು, ಮಡಿವಾಳ ಮಾಚಿದೇವರ ಹೊಂಡವನ್ನು, ಅಕ್ಕನಾಗಮ್ಮನ ಗವಿಯನ್ನು. ಹಗ್ಗ ಹೊಸೆದವನ, ಬಟ್ಟೆ ಒಗೆದವನ ಹೆಸರುಗಳು ರಾಜಧಾನಿಯ ನೆಲದಲ್ಲಿ ನಿಂತಿರುವುವು. ಕೇಳಿದ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇರುವುದು: ಕಲ್ಯಾಣವು ಪೂಜೆಯ ಕಲ್ಲಲ್ಲ, ಕಾಯಕದ ಸಾಕ್ಷಿ.

ಈಚೆಗೆ ಯಾತ್ರಿಕರ ಸಂಖ್ಯೆಯು ಬೆಳೆಯುತ್ತಲಿದೆ. ೨೦೧೨ರಲ್ಲಿ ೧೦೮ ಅಡಿಯ ಬಸವಮೂರ್ತಿಯು ನಿಂತಿತು. ೨೦೨೧ನೆಯ ಜನವರಿ ೬ರಂದು ನೂತನ ಅನುಭವಮಂಟಪಕ್ಕೆ ಅಡಿಗಲ್ಲನ್ನಿಡಲಾಯಿತು. ೨೦೧೭ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗವು ತೆರೆದು ಹುಮನಾಬಾದಿಗೆ ಬರುವುದು ಸುಲಭವಾಯಿತು. ಇದರಿಂದ ಊರಿನ ಅಂಗಡಿಯವನಿಗೂ ಬಂಡಿಯವನಿಗೂ ಕಾಯಕ ದೊರೆಯುವುದು. ಇದು ಸಂತೋಷದ ಸಂಗತಿಯೇ ಸರಿ. ಆದರೆ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಎಲೆ-ಕಾಗದಗಳನ್ನು ಚೆಲ್ಲಿ, ಹಳೆಯ ಗೋಡೆಯ ಮೇಲೆ ತನ್ನ ಹೆಸರನ್ನು ಗೀಚಿ ಬರುವವನು ಯಾತ್ರಿಕನೆನಿಸಲಾರನು.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯ ದೇಗುಲದ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆಯಿರುವಳು. ಅವಳು ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿರುವಳು. ನೋಡುವವರು ಅವಳ ಚೆಲುವನ್ನು ಹೊಗಳಿ ಚಿತ್ರ ತೆಗೆದುಕೊಳ್ಳುವರು. ಏನು ಬರೆದಿರುವಳೆಂದು ಕೇಳುವವರು ವಿರಳ. ಅಕ್ಷರವನ್ನು ಬಿಟ್ಟು ಆಕಾರವನ್ನಷ್ಟೇ ಕಂಡು ಬರುವುದು ಇಂದಿನ ಪ್ರವಾಸದ ದೋಷ. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ಜಾತ್ರೆಯೂ ಉಂಟು. ಸಮೀಪದಲ್ಲಿ ಸಕಲಮತವನ್ನು ಬೋಧಿಸಿದ ಮಾಣಿಕಪ್ರಭುಗಳ (೧೮೧೭–೧೮೬೫) ಸಂಸ್ಥಾನವೂ ಉಂಟು. ಕನ್ನಡ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವುವು. ಕಿವಿಗೊಡದವನಿಗೆ ಈ ಸೀಮೆಯ ನಿಜವು ತಿಳಿಯದು.

ಹರಳಯ್ಯ–ಮಧುವರಸರ ಮನೆಗಳ ಸಂಬಂಧಕ್ಕಾಗಿ ಶರಣರು ಪ್ರಾಣವನ್ನೇ ತೆತ್ತರೆಂದು ಪರಂಪರೆಯು ಹೇಳುವುದು. ಆ ನೆಲಕ್ಕೆ ನಮಿಸಿ ಬಂದವನು ಮನೆಯಲ್ಲಿ ಮಗಳ ಸಂಬಂಧಕ್ಕೆ ಮೊದಲು ಒಳಪಂಗಡವನ್ನು ವಿಚಾರಿಸಿದರೆ, ಅವನು ಹೋದ ದಾರಿಯ ಧೂಳಷ್ಟೇ ಅವನಿಗೆ ದಕ್ಕಿದ ಫಲ.

ಆದುದರಿಂದ ಮಠದಿಂದ ಹೊರಡುವ ಪ್ರತಿ ತಂಡದೊಡನೆ ಚರಿತ್ರೆಯನ್ನು ಬಲ್ಲ ಹಿರಿಯರೊಬ್ಬರು ಇರಲಿ. ಒಂದು ಗಳಿಗೆ ಕುಳಿತು ಅನುಭಾವಗೋಷ್ಠಿ ನಡೆಯಲಿ. ಒಂದು ಗಳಿಗೆ ಕೆರೆಯ ದಂಡೆಯನ್ನು ಗುಡಿಸುವ ಕಾಯಕ ನಡೆಯಲಿ. ಮರಳಿದವರ ಮನೆಯಲ್ಲಿ ಚಿತ್ರವೊಂದು ಹೆಚ್ಚಿದರೆ ಸಾಲದು, ಭೇದವೊಂದು ಕಡಿಮೆಯಾಗಬೇಕು.