ಕೆಳಗಿನ ಊರಿನವರೂ ನಮ್ಮ ನೆರೆಯವರೇ



2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಬಾದಾಮಿ ಭಾಗದ ಊರುಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ತಪ್ಪೆಲ್ಲ ಮಳೆಯದೇ ಎಂದು ನಾವು ಸುಮ್ಮನಾಗಬಹುದೇ?

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ಜಲಾನಯನ ಪ್ರದೇಶ ಸುಮಾರು 11,500 ಚದರ ಕಿಲೋಮೀಟರ್. ಅಲ್ಲಿ ಸುರಿದ ಮಳೆಯಲ್ಲಿ ಇಂಗದೆ ಹರಿದ ನೀರು ಹಳ್ಳಗಳ ಮೂಲಕ ಈ ನದಿಗೇ ಬರಬೇಕು. ಕಾಡಿನ ಮಣ್ಣು ನೀರನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಬೋಳು ನೆಲದ ನೀರು ಮಣ್ಣನ್ನೂ ಹೊತ್ತು ಒಮ್ಮೆಲೇ ಓಡುತ್ತದೆ. ಆ ಹೂಳು ನದಿಯ ಪಾತ್ರವನ್ನು ತುಂಬುತ್ತದೆ. ನವಿಲುತೀರ್ಥ ಅಣೆಕಟ್ಟಿನ ಕೆಳಗೆ ದಂಡೆಯನ್ನು ಒತ್ತುವರಿ ಮಾಡಿ ಬೆಳೆ ತೆಗೆದದ್ದರಿಂದ ಪಾತ್ರ ಇನ್ನಷ್ಟು ಕಿರಿದಾಗಿದೆ. ಜಲಾಶಯ ತುಂಬಿ ಗೇಟು ತೆರೆದಾಗ ನೀರು ಊರಿಗೆ ಬಾರದೆ ಎಲ್ಲಿಗೆ ಹೋದೀತು?

ನೆರೆಯವರ ಹಕ್ಕನ್ನು ಇಸ್ಲಾಂ ಒತ್ತಿ ಹೇಳುತ್ತದೆ. ನಮ್ಮ ಹೊಲದ ನೀರು ಯಾರ ಮನೆಗೆ ನುಗ್ಗುವುದೋ ಅವರೂ ನಮ್ಮ ನೆರೆಯವರೇ. ಭೂಮಿ ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಹೊಲಕ್ಕೆ ಬದು ಹಾಕಿರಿ, ಕೆರೆಯ ಹೂಳೆತ್ತಿರಿ, ಮರ ಬೆಳೆಸಿರಿ, ಹಳ್ಳದ ದಾರಿಯನ್ನು ಹಳ್ಳಕ್ಕೇ ಬಿಡಿರಿ. ಪ್ರವಾಹ ಬಂದಾಗ ಅನ್ನ, ಬಟ್ಟೆ ಹಂಚುವ ನಮ್ಮ ಕೈಗಳು ಅದು ಬರುವ ಮೊದಲೂ ದುಡಿಯಲಿ.